ದನದ ದಾರಿಯಲ್ಲಿ ಬೆಳೆದ ಕುದುರೆ ಮೆಂತೆ

ಕುದುರೆ ಮೆಂತೆ ಎಂಬ ದನದ ಮೇವನ್ನು ನಾನು ಬೆಳೆದದ್ದು ಒಂದೇ ವರ್ಷ. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಆಗಷ್ಟೇ ಶುರುವಾಗಿತ್ತು. ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಅದಕ್ಕೆ ಮೊದಲು ಯಾರೂ ಅದನ್ನು ಬೆಳೆದಿರಲಿಲ್ಲ. ಆಮೇಲೂ ಯಾರೂ ಬೆಳೆಯಲಿಲ್ಲ. ಬೆಳೆಯುವ ಕ್ರಮ ಮಾತ್ರ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ಮಣ್ಣಿಗೆ ಸುಣ್ಣದ ಪುಡಿ ಬೀರಿ ಹದಿನೈದು ದಿನ ಬಿಡಬೇಕು. ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಕೃಷಿ ಇಲಾಖೆಯವರು ಕೊಡುವ ಕಪ್ಪು ಪುಡಿ ಕಲಸಿ, ನೆರಳಿನಲ್ಲಿ ಒಣಗಿಸಿ, ಒಂದು ಗೇಣು ಅಂತರದ ಸಾಲುಗಳಲ್ಲಿ ಬಿತ್ತಬೇಕು. ವಾರಕ್ಕೊಂದು ನೀರು. ಅಲ್ಲೊಂದು ಇಲ್ಲೊಂದು ನೇರಳೆ ಹೂವು ಕಂಡ ದಿನ ಕೊಯ್ಲು, ಬುಡದಲ್ಲಿ ಮೂರು ಬೆರಳು ಉಳಿಸಿ. ಇಷ್ಟೆಲ್ಲ ಗೊತ್ತಿದ್ದ ನನ್ನ ಕೈಯಿಂದ ಒಂದು ದನ ಸತ್ತಿತು. ಅದು ನನ್ನ ದನವಲ್ಲ, ಪಕ್ಕದ ಮನೆಯದು.

ನಾನು ತೀರ್ಥಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಆರು ವರ್ಷ ಗಂಟೆಯ ಸದ್ದಿಗೆ ಎದ್ದೆ, ಗಂಟೆಯ ಸದ್ದಿಗೆ ಮಲಗಿದೆ. ಐದಕ್ಕೆ ಏಳುವುದು, ಐದೂಕಾಲಿಗೆ ಚಾಪೆ ಸುತ್ತುವುದು, ಐದೂವರೆಗೆ ಪ್ರಾರ್ಥನೆ. ಯಾವ ತಪ್ಪಿಗೂ ಎರಡು ಸಲ ಎಚ್ಚರಿಕೆ, ಮೂರನೆಯ ಸಲಕ್ಕೆ ಶಿಕ್ಷೆ. ಶಿಕ್ಷೆ ಕೊಡುವಾಗ ವಾರ್ಡನ್ ಅಮ್ಮನ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ಮೂರನೆಯ ಸಲ ಆಯಿತು, ಶಿಕ್ಷೆ ಆಗಬೇಕು, ಅಷ್ಟೆ. ನನಗೆ ಅದು ಬಹಳ ನ್ಯಾಯವಾದ ಏರ್ಪಾಡು ಅನ್ನಿಸಿತ್ತು. ಮದುವೆಯಾಗಿ ಹೊಸನಗರದ ಕಡೆ ಬಂದಾಗ ಒಂದು ಟೇಬಲ್ ಗಡಿಯಾರವನ್ನೂ ಆ ಏರ್ಪಾಡನ್ನೂ ಜೊತೆಗೆ ತಂದೆ. ಊರಿನವರು ಒಂದೇ ತಿಂಗಳಲ್ಲಿ ನನಗೆ ‘ಗಂಟೆಯಮ್ಮ’ ಎಂದು ಹೆಸರಿಟ್ಟರು.

ನನ್ನ ಗಂಡನ ಮನೆಯವರು ಗೇಣಿ ಒಕ್ಕಲು. ಕಾನೂನು ಬದಲಾಗಿ ಗದ್ದೆ ಅವರದೇ ಆಗಿ ಕೆಲವೇ ವರ್ಷ ಆಗಿತ್ತು. ಅತ್ತೆ ಮಾವ ಅಷ್ಟರಲ್ಲಿ ಇರಲಿಲ್ಲ. ನಾವಿಬ್ಬರೇ. ಸರ್ಕಾರದ ಯಾವುದೋ ಯೋಜನೆಯಲ್ಲಿ ನಮಗೊಂದು ಜೆರ್ಸಿ ಮಿಶ್ರತಳಿಯ ಹಸು ಬಂತು. ಊರಿನ ಗಿಡ್ಡ ದನಗಳ ನಡುವೆ ಅದು ಆನೆಯ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಐದೂವರೆಗೆ ಹಾಲು ಕರೆದರೆ ಆರು ಗಂಟೆಗೆ ನಮ್ಮವರು ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಯ ಹೋಟೆಲಿಗೆ ಹೊರಡುತ್ತಿದ್ದರು. ಆದರೆ ದೀಪಾವಳಿ ಕಳೆದು ಹಸಿರು ಮುಗಿಯುತ್ತಿದ್ದಂತೆ ಹಾಲು ಅರ್ಧಕ್ಕೆ ಇಳಿಯಿತು. ಬರೀ ಬೈಹುಲ್ಲು ತಿಂದು ಅದು ತಾನೇ ಎಷ್ಟು ಕೊಟ್ಟೀತು? ಸಾಗರದಲ್ಲಿ ದನ ಸಾಕುವವರಿಗೆ ಮೂರು ದಿನದ ತರಬೇತಿ ಇದೆ ಎಂದು ಗೊತ್ತಾಗಿ ನಾನೇ ಹೋದೆ. ಇಡೀ ಗುಂಪಿನಲ್ಲಿ ಹೆಂಗಸರು ಇಬ್ಬರೇ. ಹೇಳಿದ್ದನ್ನೆಲ್ಲ ಬರೆದುಕೊಂಡವಳು ನಾನೊಬ್ಬಳೇ. ಕುದುರೆ ಮೆಂತೆ ಹಾಕಿದರೆ ಹಾಲು ಏರುತ್ತದೆ, ಒಮ್ಮೆ ಬಿತ್ತಿದರೆ ಮೂರು ವರ್ಷ ಕೊಯ್ಯಬಹುದು ಎಂದರು. ಒಂದು ಸೇರಿನಷ್ಟು ಬೀಜ ಕಟ್ಟಿ ಕೊಟ್ಟರು.

ಜಾಗವನ್ನೂ ನಾನೇ ಆರಿಸಿದೆ. ಹಳ್ಳದ ಪಕ್ಕದ ಐದು ಗುಂಟೆ. ಅಲ್ಲಿಯ ಭತ್ತ ಬೇಗ ಕೊಯ್ಲಿಗೆ ಬಂದಿತ್ತು, ನೀರು ಕೈಗೆ ಸಿಗುವ ಹಾಗಿತ್ತು, ಮನೆಯ ಜಗಲಿಯಲ್ಲಿ ನಿಂತರೆ ಕಾಣುತ್ತಿತ್ತು. ಹಗ್ಗ ಹಿಡಿದು ಸಾಲು ಎಳೆದು ಬಿತ್ತಿದೆ. ವಾರದೊಳಗೆ ಮೊಳಕೆ ಬಂತು. ಸುತ್ತಲೂ ಕೊಯ್ದ ಭತ್ತದ ಕೂಳೆ ಒಣಗಿ ಮಾಸಲಾದ ಬಯಲಿನ ನಡುವೆ ನನ್ನ ಐದು ಗುಂಟೆ ಮಾತ್ರ ಹಸಿರು ಗೆರೆ ಹಾಕಿದ ಕಾಪಿ ಪುಸ್ತಕದ ಹಾಗೆ ಇತ್ತು.

ದಾರಿಯಲ್ಲಿ ಹೋಗುವವರೆಲ್ಲ ನಿಂತು ಒಂದು ಮಾತು ಬಿಟ್ಟೇ ಹೋಗುವರು.

“ಕುದುರೆ ಮೆಂತೆಯಂತೆ! ಕುದುರೆ ಯಾವಾಗ ಬತ್ತದೆ ಗಂಟೆಯಮ್ಮ?”

“ಬಂದ ದಿನ ಹೇಳಿ ಕಳಿಸ್ತೀನಿ. ಮೊದ್ಲು ನೀವೇ ಹತ್ತಿ ನೋಡುವಿರಂತೆ” ಎನ್ನುತ್ತಿದ್ದೆ ನಾನು.

ಹೆಚ್ಚು ತಮಾಷೆ ಮಾಡುತ್ತಿದ್ದವಳು ಪಕ್ಕದ ಮನೆಯ ಅಕ್ಕಯ್ಯ. ಸಂಬಂಧದಲ್ಲಿ ಏನೂ ಅಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ನಾನು ಹಾಗೆ ಕರೆಯುತ್ತಿದ್ದೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ತಮ್ಮನನ್ನು ಕರೆಸಿ ಇಟ್ಟುಕೊಂಡು ಎರಡು ಎಕರೆ ಗದ್ದೆ ಮಾಡುತ್ತಿದ್ದಳು. ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲ ನಾಟಿಯ ಗದ್ದೆಯಲ್ಲಿ ಸಸಿ ಹಿಡಿಯಲು ಬಾರದೆ ನಿಂತಿದ್ದಾಗ, ನನ್ನ ಹೆಬ್ಬೆರಳನ್ನು ಹಿಡಿದು ಕೆಸರಿನೊಳಗೆ ಒತ್ತಿ, “ಪುಸ್ತಕದ ಹಾಳೆ ಮಗುಚಿದ ಹಾಂಗಲ್ಲ ಕಣೇ, ಹೀಂಗೆ” ಎಂದು ಕಲಿಸಿದವಳು ಅವಳೇ. ನಾನು ಹೆರಿಗೆಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದ ವರ್ಷ, ಏನೂ ಕೇಳದೆ ಹತ್ತು ದಿನ ನನ್ನ ಒಲೆ ಹಚ್ಚಿದವಳೂ ಅವಳೇ.

ಅವಳಿಗೆ ಇದ್ದದ್ದು ಒಂದೇ ಹಸು. ಕಪ್ಪು, ಗಿಡ್ಡ, ಒಂದು ಕೊಂಬು ಸ್ವಲ್ಪ ಕೆಳಗೆ ಬಾಗಿದ್ದು. ನನ್ನ ಜೆರ್ಸಿಯ ಒಂದು ಹೊತ್ತಿನ ಹಾಲನ್ನು ಅದು ವಾರ ಪೂರ್ತಿ ಕೊಟ್ಟರೂ ಕೊಡಲಾರದು. ಆದರೆ ಆ ಮನೆಗೆ ಹಾಲು ಅಂತ ಇದ್ದದ್ದು ಅದೊಂದೇ. ಅದರ ತಾಯಿಯನ್ನು ಅಕ್ಕಯ್ಯ ತವರಿನಿಂದ ಹೊಡೆದುಕೊಂಡು ಬಂದಿದ್ದಳು.

ಒಂದು ದಿನ ಅವಳು ನನ್ನ ಮೆಂತೆಯ ಕುಡಿ ಒಂದು ಮಡಿಲು ಚಿವುಟಿಕೊಂಡು ಹೋಗಿ ಪಲ್ಯ ಮಾಡಿದಳು. ಮರುದಿನ ಬೆಳಿಗ್ಗೆ ಬೇಲಿಯ ಆಚೆಯಿಂದಲೇ ಶುರು.

“ಎಂಥ ಮೆಂತೆಯೇ ನಿನ್ನದು! ಹುಲ್ಲಿನ ವಾಸನೆ ಹೊಡೀತದೆ. ಒಗ್ಗರಣೆಗೆ ಹಾಕಿದ ಎರಡು ಮೆಣಸು ದಂಡ. ಗಂಡ ಇದ್ದಿದ್ರೆ ಬಾಣಲೆ ಸಮೇತ ಅಂಗಳಕ್ಕೆ ಎಸೀತಿದ್ದ.”

“ಹೆಸರಲ್ಲೇ ಕುದುರೇದು ಅಂತ ಅದೆಯಲ್ಲ ಅಕ್ಕಯ್ಯ.”

“ಕತ್ತೆ ತಿಂದ್ರೆ ಎಂತ ಆಗ್ತದೋ ನೋಡನ ಅಂತ ತಿಂದೆ ಮಾರಾಯ್ತಿ” ಎಂದು ಅವಳೇ ನಕ್ಕಳು.

ಮೊದಲ ಕೊಯ್ಲಿನ ಸಂಜೆ ನಾನು ಸೊಪ್ಪನ್ನು ಕೊಟ್ಟಿಗೆಯ ಮುಂದೆ ತೆಳ್ಳಗೆ ಹರವುತ್ತಿದ್ದಾಗಲೂ ಅವಳು ಬಂದಿದ್ದಳು. ಕೊಯ್ದದ್ದನ್ನು ಒಂದು ರಾತ್ರಿ ಬಾಡಿಸಬೇಕು. ಬೆಳಿಗ್ಗೆ ದನಕ್ಕೆ ಮೊದಲು ಬೈಹುಲ್ಲು ಹಾಕಿ, ಅರ್ಧ ಹೊಟ್ಟೆ ತುಂಬಿದ ಮೇಲೆ ಬಾಡಿದ ಮೆಂತೆಯನ್ನು ಹುಲ್ಲಿನೊಂದಿಗೆ ಬೆರೆಸಿ ಕೊಡಬೇಕು. ಇದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದೆ.

“ಹಸಿ ಹುಲ್ಲನ್ನ ಬಾಡಿಸಿ ತಿನ್ನಿಸೋರನ್ನ ನಿನ್ನೊಬ್ಳನ್ನೇ ಕಂಡಿದ್ದು ನಾನು.”

“ಇಬ್ಬನಿ ಕೂತ ಮೆಂತೆಯನ್ನ ಖಾಲಿ ಹೊಟ್ಟೇಲಿ ತಿಂದ್ರೆ ಹೊಟ್ಟೆ ಉಬ್ಬರಿಸ್ತದೆ ಅಕ್ಕಯ್ಯ. ಎರಡು ಮೂರು ಗಂಟೇಲಿ ಜೀವ ಹೋಗ್ತದಂತೆ. ಸಾಗರದಲ್ಲಿ ಹೇಳಿದಾರೆ.”

“ಸೀಮೆ ದನದ ಹೊಟ್ಟೆನೂ ಸೀಮೇದೇ ಬಿಡು. ನಮ್ಮದು ಕಲ್ಲು ತಿಂದ್ರೂ ಕರಗಿಸ್ತದೆ.”

ಹಸುವಿಗೆ ಹಾಲು ಏರಿದ್ದು ನಿಜ. ನಾಲ್ಕನೆಯ ದಿನಕ್ಕೆ ಒಂದು ಸೇರು ಹೆಚ್ಚು ಬಂತು. ಆ ಹೆಮ್ಮೆಯನ್ನು ಈಗ ನೆನೆದರೂ ನನಗೆ ಬಾಯಿ ಕಹಿಯಾಗುತ್ತದೆ.

ನಮ್ಮ ಕಡೆ ಒಂದು ರೂಢಿ ಇದೆ. ಗದ್ದೆಗಳಿಂದ ಕೊನೆಯ ಹೊರೆ ಕಣಕ್ಕೆ ಹೋದ ದಿನ ಎಲ್ಲರೂ ತಮ್ಮ ತಮ್ಮ ಗದ್ದೆಯ ಉಣುಗೋಲು ಕಳಚಿಡುತ್ತಾರೆ. ಎರಡು ಕಂಬದ ನಡುವೆ ಅಡ್ಡ ತೂರಿಸುವ ಬಿದಿರು ಗಳ, ಅದೇ ನಮ್ಮ ಗದ್ದೆಯ ಬಾಗಿಲು. ಅದನ್ನು ತೆಗೆದು ಅಂಚಿನ ಮೇಲೆ ಮಲಗಿಸಿದರೆ ಬಯಲು ಬಿಟ್ಟಂತೆ. ಅಂದಿನಿಂದ ಮುಂದಿನ ಮಳೆಗಾಲದ ಉಳುಮೆಯವರೆಗೆ ಯಾರ ಗದ್ದೆಯಲ್ಲಿ ಯಾರ ದನ ಬೇಕಾದರೂ ಮೇಯಬಹುದು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ದನ ಕಾಯುವ ಕೆಲಸವೇ ಇಲ್ಲ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟರೆ ಸಂಜೆ ಅವೇ ಬರುತ್ತವೆ.

ಆ ವರ್ಷ ನಮ್ಮ ಐದು ಗುಂಟೆಯ ಉಣುಗೋಲು ಮಾತ್ರ ಕಳಚಲಿಲ್ಲ. ಕಳಚದಿದ್ದುದಷ್ಟೇ ಅಲ್ಲ, ಸುತ್ತಲೂ ಬಿದಿರ ಮುಳ್ಳು ತಂದು ಬೇಲಿ ಕಟ್ಟಿಸಿದೆ. ನಮ್ಮವರಿಗೆ ಮನಸ್ಸಿರಲಿಲ್ಲ.

“ಬಯಲು ಬಿಟ್ಟ ಮೇಲೆ ಬೇಲಿ ಇಟ್ಕಂಡ್ರೆ ಊರು ಎಂತ ಹೇಳ್ತದೆ?” ಎಂದರು.

“ಊರು ಬಂದು ನಮ್ಮ ದನಕ್ಕೆ ಹುಲ್ಲು ಹಾಕ್ತದಾ?” ಎಂದೆ.

ಅವರು ಮುಳ್ಳು ಹೊತ್ತು ತಂದರು.

ಬೇಲಿ ಕಟ್ಟುವಾಗ ಅಕ್ಕಯ್ಯ ಅಂಚಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕುತ್ತಾ ನೋಡುತ್ತಿದ್ದಳು.

“ದನ ಹಳ್ಳಕ್ಕೆ ಇಳಿಯೋ ದಾರಿಗೇ ಕಟ್ತಾ ಇದ್ದೀಯಲ್ಲೇ. ನಿನ್ನ ಮಾವನ ಕಾಲದಿಂದ್ಲೂ ಇಲ್ಲೇ ಇಳೀತವೆ.”

“ಆ ಕಡೆ ಸುತ್ತಿ ಇಳೀಲಿ. ಹತ್ತು ಮಾರು ಹೆಚ್ಚಾಗ್ತದೆ, ಅಷ್ಟೇ.”

“ಹಂಗಾದ್ರೆ ಅವಕ್ಕೆ ನೀನೇ ಹೇಳು. ನಂಗೆ ದನದ ಭಾಷೆ ಬರಲ್ಲ.”

ಅವಳ ಹಸುವಿನ ಮಟ್ಟಿಗೆ ಅವಳು ಹೇಳಿದ್ದು ಸರಿಯಾಗಿತ್ತು. ಬೇರೆ ಮನೆಗಳ ದನಗಳು ಮುಳ್ಳಿನವರೆಗೆ ಬಂದು, ನಿಂತು, ಮೂಸಿ, ಸುತ್ತು ಹಾಕಿ ಹಳ್ಳಕ್ಕೆ ಇಳಿದವು. ಅಕ್ಕಯ್ಯನ ಕಪ್ಪು ಹಸು ಮಾತ್ರ ಬಗ್ಗಲಿಲ್ಲ. ಮೊಳಕೆ ಇನ್ನೂ ಬೆರಳುದ್ದ ಇದ್ದಾಗ ಒಂದು ಸಲ ನುಗ್ಗಿತು, ಬಾಗಿದ ಕೊಂಬಿನಿಂದ ಮುಳ್ಳನ್ನು ಪಕ್ಕಕ್ಕೆ ಎತ್ತಿಟ್ಟು. ಮೇಯಲಿಕ್ಕೆ ಏನೂ ಇರಲಿಲ್ಲ, ನಡುವೆ ಹಾದು ನೀರು ಕುಡಿದು ಹೋಯಿತು. ನಾಲ್ಕು ಸಾಲು ತುಳಿದಿತ್ತು. ನಾನು ಹೋಗಿ ಹೇಳಿದೆ.

“ಅಕ್ಕಯ್ಯ, ಇದು ಒಂದನೇ ಸಲ.”

“ಆತು, ಪುಸ್ತಕದಲ್ಲಿ ಬರ್ಕ” ಎಂದಳು.

ಎರಡನೆಯ ಸಲ ಮೊದಲ ಕೊಯ್ಲಿನ ಹಿಂದಿನ ದಿನ. ಮಧ್ಯಾಹ್ನದ ಹೊತ್ತು, ಹೊಟ್ಟೆ ತುಂಬಿದ ದನ, ನಾಲ್ಕು ಬಾಯಿ ತಿಂದಿತ್ತು. ನಾನು ಕೂಗಿ ಓಡಿಸಿದೆ. ಏನೂ ಆಗಲಿಲ್ಲ. ಏನೂ ಆಗದೇ ಇದ್ದುದೇ ತಪ್ಪಾಯಿತೋ ಏನೋ. ಅವತ್ತೂ ಹೋಗಿ ಹೇಳಿದೆ.

“ಎರಡು ಸಲ ಆಯ್ತು. ಮೂರನೇ ಸಲ ದೊಡ್ಡಿಗೆ ಹೊಡೀತೀನಿ. ಆಮೇಲೆ ನನ್ನ ಮೇಲೆ ಸಿಟ್ಟು ಮಾಡ್ಕಬ್ಯಾಡ.”

ಬೇರೆಯವರ ಬೆಳೆಗೆ ನುಗ್ಗಿದ ದನವನ್ನು ಕೂಡಿಹಾಕುವ ಪಂಚಾಯಿತಿಯ ಕಲ್ಲುಗೋಡೆಯ ಆವರಣವೇ ದೊಡ್ಡಿ. ನಮ್ಮ ಊರಿನಿಂದ ಒಂದೂವರೆ ಮೈಲಿ, ರಸ್ತೆಯ ಪಕ್ಕ ಇತ್ತು. ಅಕ್ಕಯ್ಯ ಒಳಗೆ ಭತ್ತ ಕೇರುತ್ತಿದ್ದಳು. ಮೊರ ನಿಲ್ಲಿಸದೆ ನಕ್ಕಳು.

“ಹೊಡ್ಕಂಡು ಹೋಗೇ. ಬರೋವಾಗ ಅಂಗಡೀಲಿ ನಂಗೊಂದು ಕಟ್ಟು ಎಲೆ ತಗಂಡು ಬಾ.”

ನಾನು ತಮಾಷೆ ಮಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಗಲಿಲ್ಲ. ನನ್ನನ್ನು ಅಷ್ಟು ಹತ್ತಿರದಿಂದ ಬಲ್ಲವಳಿಗೆ ಅದೊಂದು ಮಾತ್ರ ಗೊತ್ತಿರಲಿಲ್ಲ.

ಮೂರನೆಯ ಸಲದ ಹೊತ್ತಿಗೆ ಮೆಂತೆ ಎರಡನೆಯ ಕೊಯ್ಲಿಗೆ ಬಂದಿತ್ತು. ಮೊಣಕಾಲೆತ್ತರ, ಹೂವು ಈಗಲೋ ಆಗಲೋ ಅನ್ನುವಂತಿತ್ತು. ಅಕ್ಕಯ್ಯನ ಹಸು ಅದಕ್ಕೆ ಒಂದು ತಿಂಗಳ ಹಿಂದೆ ಹೋರಿ ಕರು ಹಾಕಿತ್ತು. ಬಯಲಿನಲ್ಲಿ ಕೂಳೆಯೂ ಮುಗಿದಿತ್ತು. ಹಾಲೂಡುವ ದನಕ್ಕೆ ಹಸಿವು ಹೆಚ್ಚು. ಅಕ್ಕಯ್ಯ ಬೆಳಕು ಹರಿಯುವ ಮೊದಲೇ ಕರೆದು, ಕರುವಿಗೆ ಬಿಟ್ಟು, ಹಸುವನ್ನು ಹೊರಗೆ ಅಟ್ಟುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು.

ನಮ್ಮವರು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಮೇಲೆ ಜಗಲಿಗೆ ಬಂದು ನೋಡಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಹಸಿರಿನ ನಡುವೆ ಕಪ್ಪು ಬೆನ್ನು ಕಂಡಿತು. ಓಡಿದೆ. ಒಂದು ಪಟ್ಟೆಯನ್ನು ಅದು ಬುಡದವರೆಗೆ ಬೋಳಿಸಿತ್ತು. ಅದರ ಮೂತಿ, ಎದೆ, ಕಾಲು ಎಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ನನ್ನ ಸೀರೆಯ ಅಂಚೂ ಮೊಣಕಾಲಿನವರೆಗೆ ತೊಯ್ದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೋಳಾದ ಪಟ್ಟೆ. ನನ್ನ ಮನಸ್ಸಿಗೆ ಬಂದದ್ದು ಮೂರು ಎಂಬ ಸಂಖ್ಯೆ. ಬೇರೆ ಏನೂ ಬರಲಿಲ್ಲ.

ಕುತ್ತಿಗೆಗೆ ಹಗ್ಗ ಹಾಕಿದೆ. ಅಕ್ಕಯ್ಯನ ಮನೆಯ ಮುಂದಿನಿಂದ ಹೋಗದೆ ಹಳ್ಳ ದಾಟಿ ರಸ್ತೆ ಹಿಡಿದೆ. ಸಿಟ್ಟು ಇರಲಿಲ್ಲ. ಶಿಕ್ಷೆ ಆಗಬೇಕು, ಅಷ್ಟೆ.

ನಾನು ಮುಂದೆ, ದನ ಹಿಂದೆ. ಅರ್ಧ ದಾರಿಯಲ್ಲಿ ಅದು ನಿಂತಿತು. ಎಳೆದೆ. ಹತ್ತು ಹೆಜ್ಜೆ ಬಂದು ಮತ್ತೆ ನಿಂತಿತು, ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದ್ದುಕೊಂಡಿತು. ಹಟ ಮಾಡುತ್ತಿದೆ ಎಂದುಕೊಂಡು ಬೇಲಿಯಿಂದ ಒಂದು ಹಸಿ ಕೋಲು ಮುರಿದು ಎರಡು ಕೊಟ್ಟೆ. ಆ ಎರಡು ಏಟಿನ ಸದ್ದು ಬೇರೆ ಎಷ್ಟೋ ಸದ್ದುಗಳು ಮರೆತುಹೋದ ಮೇಲೂ ಉಳಿದಿದೆ. ಅದು ಬಾಯಿ ತೆರೆದು ನರಳುತ್ತಾ ಬಂತು. ನಾನು ಹಿಂತಿರುಗಿ ಅದರ ಮುಖ ನೋಡಿದೆ, ಹೊಟ್ಟೆ ನೋಡಲಿಲ್ಲ.

ದೊಡ್ಡಿ ಕಾಯುವವನು ಮುದುಕ. ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿದ್ದ.

“ಬಯಲು ಬಿಟ್ಟ ಕಾಲದಲ್ಲಿ ದೊಡ್ಡಿಗೆ ದನ ತರೋರನ್ನ ನಾ ಕಂಡಿಲ್ಲಮ್ಮ” ಎಂದ.

“ಬೇಲಿ ಮುರಿದು ನುಗ್ಗಿದೆ. ಮೂರನೇ ಸಲ.”

“ಬೇಲಿ ಯಾಕೆ ಇತ್ತು ಅಂತ ಕೇಳಿದ್ದು ನಾನು. ಹೋಗ್ಲಿ. ಇದ್ರ ಹೊಟ್ಟೆ ಎಂಥಕ್ಕೆ ಹೀಂಗಾಗಿದೆ? ಗಬ್ಬವಾ?”

“ಕರು ಹಾಕಿ ತಿಂಗಳಾಯ್ತು. ಮೇದದ್ದು ಜಾಸ್ತಿಯಾಗಿದೆ, ನಮ್ಮ ಮೆಂತೆ” ಎಂದೆ.

ನನ್ನ ಬಾಯಿಂದಲೇ ಆ ಮಾತು ಬಂತು. ಹೊಟ್ಟೆ, ಮೆಂತೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿ, ಎಂಟು ಗಂಟೆಗೆ ಜೆರ್ಸಿಗೆ ಹುಲ್ಲು ಹಾಕುವುದಿದೆ ಎಂದು ಬೇಗ ಬೇಗ ಮನೆಗೆ ಹೊರಟೆ. ಹಿಂದಿನಿಂದ ಮುದುಕ ಏನೋ ಕೂಗಿದ. ನಾನು ನಿಲ್ಲಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದೆ. ಬೈಹುಲ್ಲು ಮೊದಲು ಹಾಕಿದೆ. ಅದು ಅರ್ಧ ತಿನ್ನುವವರೆಗೆ ಕಾದೆ. ಹಿಂದಿನ ಸಂಜೆ ಮೂಲೆಯಿಂದ ಕೊಯ್ದು ಬಾಡಲಿಟ್ಟಿದ್ದ ಒಂದು ಹಿಡಿ ಮೆಂತೆಯನ್ನು ಬೆರೆಸಲು ಬಗ್ಗಿದೆ. ಬಾಡಿದ ಎಲೆ ಕೈಗೆ ಒಣ ಬಟ್ಟೆಯ ಹಾಗೆ ತಾಗಿತು. ಆಗ ತಿಳಿಯಿತು. ಅಲ್ಲಿಯವರೆಗೂ ತಿಳಿಯಲಿಲ್ಲ ಎಂದರೆ ಯಾರು ನಂಬುತ್ತಾರೆ? ನನ್ನ ಕೊಟ್ಟಿಗೆಯ ದನಕ್ಕಾಗಿ ಕಲಿತದ್ದು ನನ್ನ ಕೊಟ್ಟಿಗೆಯಲ್ಲೇ ನೆನಪಿಗೆ ಬಂತು.

ಒಂದು ಬಾಟಲಿ ಕೊಬ್ಬರಿ ಎಣ್ಣೆ, ಒಂದು ಚೂರು ಇಂಗು, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ, ಇಷ್ಟು ತೆಗೆದುಕೊಂಡು ಓಡಿದೆ. ಒಂದೂವರೆ ಮೈಲಿ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ.

ಅಕ್ಕಯ್ಯ ನನಗಿಂತ ಮೊದಲೇ ಅಲ್ಲಿದ್ದಳು. ಅಂಗಡಿಯ ಹತ್ತಿರ ಯಾರೋ ಹೇಳಿ, ಬಿಡಿಸಿಕೊಂಡು ಹೋಗಲು ಬಂದಿದ್ದಳು. ಹಸು ಮಲಗಿಬಿಟ್ಟಿತ್ತು. ಎಡಗಡೆಯ ಹೊಟ್ಟೆ ಬೆನ್ನುಮೂಳೆಗಿಂತ ಮೇಲೆ ಬಂದಿತ್ತು, ಬೆರಳಲ್ಲಿ ತಟ್ಟಿದರೆ ಚಂಡೆಯ ಹಾಗೆ ಸದ್ದು. ಅಕ್ಕಯ್ಯ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಹಸುವಿನ ಬಾಯಿ ಬಿಡಿಸಿ ಹಿಡಿದಳು. ನಾನು ಗೊಟ್ಟದಲ್ಲಿ ಎಣ್ಣೆ ಹೊಯ್ದೆ. ಅರ್ಧ ಒಳಗೆ ಹೋಯಿತು, ಅರ್ಧ ಅವಳ ಸೀರೆಯ ಮೇಲೆ. ಮುದುಕನೂ ನಾನೂ ಹೊಟ್ಟೆ ತಿಕ್ಕಿದೆವು. ಹೊಟ್ಟೆಗೆ ಚುಚ್ಚಿ ಗಾಳಿ ಬಿಡಬಹುದೆಂದು ಸಾಗರದಲ್ಲಿ ಕೇಳಿದ್ದೆ. ಎಲ್ಲಿ, ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಡಾಕ್ಟರು ಇದ್ದದ್ದು ಪೇಟೆಯಲ್ಲಿ. ಯಾರಾದರೂ ಹೋಗಿ ಕರೆತರುವಷ್ಟು ಹೊತ್ತು ಅದಕ್ಕೆ ಉಳಿದಿರಲಿಲ್ಲ. ನಾನು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಅದು ಕಾಲು ಚಾಚಿತು.

ಅಕ್ಕಯ್ಯ ಅದರ ಕಣ್ಣಿನ ಮೇಲೆ ಕೈ ಇಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈದರೆ ಒಳ್ಳೆಯದಿತ್ತು.

“ನಿನ್ನ ದನಕ್ಕೆ ಬಾಡಿಸಿ ಹಾಕ್ತಿದ್ದೆ ಅಲ್ದನೇ” ಎಂದಳು. ಪ್ರಶ್ನೆಯ ಹಾಗೆ ಹೇಳಲಿಲ್ಲ. ಲೆಕ್ಕ ಸರಿಹೋಯಿತು ಎನ್ನುವ ಹಾಗೆ ಹೇಳಿದಳು.

ಅವಳ ತಮ್ಮ ಬಂದ. ನಮ್ಮವರು ಪೇಟೆಯಿಂದ ವಾಪಸು ಬರುವಾಗ ರಸ್ತೆಯಲ್ಲೇ ಕೇಳಿ ಸೈಕಲ್ಲನ್ನು ಅಲ್ಲೇ ಬಿಸಾಕಿ ಬಂದರು. ಇಬ್ಬರೂ ಸೇರಿ ದೊಡ್ಡಿಯ ಹಿಂದೆ ಗುಂಡಿ ತೋಡಿದರು. ಸಂಜೆ ನಮ್ಮವರು ಹೋಗಿ ಬೇಲಿಯನ್ನು ಪೂರ್ತಿ ಕಿತ್ತು, ಉಣುಗೋಲು ತೆಗೆದು ಅಂಚಿನ ಮೇಲೆ ಮಲಗಿಸಿದರು. ನಾನು ಬೇಡ ಎನ್ನಲಿಲ್ಲ. ಆದರೆ ಊರಿನ ಒಂದು ದನವೂ ಆಮೇಲೆ ಆ ಕಡೆ ಸುಳಿಯಲಿಲ್ಲ. ಪ್ರತಿ ಮನೆಯವರೂ ತಮ್ಮ ದನಗಳನ್ನು ದೂರದಿಂದಲೇ ಹೊಡೆದು ತಿರುಗಿಸುತ್ತಿದ್ದರು. ದನ ಕಾಯುವ ಕೆಲಸವೇ ಇಲ್ಲದ ತಿಂಗಳುಗಳಲ್ಲಿ, ನನ್ನ ಐದು ಗುಂಟೆಯ ದೆಸೆಯಿಂದ ಇಡೀ ಊರು ದನ ಕಾಯಿತು.

ಮರುದಿನ ನಾನು ನಮ್ಮ ಜೆರ್ಸಿಯ ಹೆಣ್ಣು ಕರುವನ್ನು ಹಗ್ಗ ಹಿಡಿದು ಅಕ್ಕಯ್ಯನ ಅಂಗಳಕ್ಕೆ ಕರೆದುಕೊಂಡು ಹೋದೆ.

“ಇದನ್ನ ಇಟ್ಕ ಅಕ್ಕಯ್ಯ.”

“ನಿನ್ನ ಗಂಟೆ ದನ ನಂಗೆ ಬ್ಯಾಡ. ಅದಕ್ಕೆ ಹೊತ್ತಿಗೆ ಸರಿಯಾಗಿ ಹಾಕೋಕೆ ನಂಗೆ ಬರಲ್ಲ.”

“ಹಾಲಾದ್ರೂ ತಗಾ. ದಿನಾ ತಂದು ಕೊಡ್ತೀನಿ.”

ಅವಳು ಕೊಟ್ಟಿಗೆಯ ಕಡೆ ನೋಡಿದಳು. ಒಳಗೆ ತಿಂಗಳ ಕರು ರಾತ್ರಿಯಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು.

“ಕರುಗೆ ತಂದು ಹಾಕು. ಅದೆಂತ ಮಾಡಿತ್ತು ಪಾಪ. ಕರುಗೆ ಮಾತ್ರ.”

ಮೂರು ತಿಂಗಳು ತಪ್ಪದೆ ಹೋದೆ. ಬೆಳಿಗ್ಗೆ ಆರೂಕಾಲಿಗೆ, ಸಂಜೆ ಆರೂವರೆಗೆ. ಚೊಂಬಿನ ಹಾಲನ್ನು ಉಗುರು ಬೆಚ್ಚಗೆ ಮಾಡಿ, ಬೆರಳನ್ನು ಅದ್ದಿ ಕರುವಿನ ಬಾಯಿಗೆ ಇಟ್ಟು ಕುಡಿಯಲು ಕಲಿಸಿದೆ. ಅಕ್ಕಯ್ಯ ನಾನು ಬರುವ ಹೊತ್ತಿಗೆ ಒಳಗೆ ಹೋಗಿರುತ್ತಿದ್ದಳು. ಚೊಂಬಿನಲ್ಲಿ ಉಳಿದದ್ದನ್ನು ಒಂದೆರಡು ಸಲ ಬೇಕೆಂದೇ ಜಗಲಿಯ ಮೇಲೆ ಬಿಟ್ಟು ಬಂದೆ. ಮರುದಿನ ಹೋದಾಗ ಅದು ಅಲ್ಲೇ ಇರುತ್ತಿತ್ತು, ಒಡೆದು, ಇರುವೆ ಮುತ್ತಿ. ಆ ಮೂರು ತಿಂಗಳು ಅವಳು ಕರಿ ಕಾಫಿ ಕುಡಿದಳು ಎಂದು ಊರಿನವರು ಹೇಳಿದರು. ಕರು ಬದುಕಿತು. ಹುಲ್ಲು ಕಚ್ಚಲು ಶುರು ಮಾಡಿದ ದಿನ ಅವಳ ತಮ್ಮ ಬಂದು, “ಇನ್ನು ಬ್ಯಾಡವಂತೆ” ಎಂದು ಹೇಳಿ ಹೋದ.

ಮೆಂತೆಯ ಕಥೆ ಇಷ್ಟೇ: ಮೂರು ವರ್ಷ ಕೊಯ್ಯಬಹುದು ಎಂದಿದ್ದರಲ್ಲ, ಮಳೆ ಹಿಡಿದ ಹದಿನೈದೇ ದಿನಕ್ಕೆ ಬುಡ ಕೊಳೆತು ಹಳದಿಯಾಗಿ ಮಲಗಿತು. ಕಿತ್ತು ನೋಡಿದರೆ ಬೇರು ಕೈಯಲ್ಲಿ ಲೋಳೆಯಾಗಿ ಬಂತು. ನಮ್ಮ ಮಳೆಗೆ, ನಮ್ಮ ಹಳ್ಳದ ಬದಿಯ ನೆಲಕ್ಕೆ ಅದು ನಿಲ್ಲುವ ಗಿಡವೇ ಅಲ್ಲ. ನಾನು ಬರೆದುಕೊಂಡ ಪುಸ್ತಕದಲ್ಲಿ ಆ ಮಾತು ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಉತ್ತು ಮುಚ್ಚಿ ಎಂದಿನಂತೆ ಭತ್ತಕ್ಕೆ ಹದ ಮಾಡಿದೆವು.

ನಾಟಿ ಬಂತು. ನಮ್ಮ ಕಡೆ ನಾಟಿ ನಡೆಯುವುದು ಮುಯ್ಯಾಳಿನಲ್ಲಿ. ನೀವು ಒಂದು ದಿನ ನಮ್ಮ ಗದ್ದೆಗೆ ಬಂದರೆ ನಾನು ಒಂದು ದಿನ ನಿಮ್ಮ ಗದ್ದೆಗೆ, ಕೂಲಿ ಇಲ್ಲ, ಮಧ್ಯಾಹ್ನ ಗದ್ದೆಯವರ ಮನೆಯಲ್ಲಿ ಊಟ. ಹಿಂದಿನ ವರ್ಷ ನನಗೆ ಜ್ವರ ಬಂದು ಅಕ್ಕಯ್ಯನ ನಾಟಿಗೆ ಒಂದು ದಿನ ಹೋಗಲಾಗಿರಲಿಲ್ಲ. ಆ ದಿನ ತೀರಿಸುವುದು ಉಳಿದಿತ್ತು. ಈ ಸಲ ಅವಳು ಕರೆಯಲಿಲ್ಲ. ನಾನು ಕರೆಯದೇ ಹೋದೆ. ಹೋಗುವಾಗ ಒಂದು ಗಡಿಗೆ ಮಜ್ಜಿಗೆ ಮಾಡಿ, ಶುಂಠಿ ಉಪ್ಪು ಹಾಕಿ, ಬಾಳೆ ಎಲೆ ಮುಚ್ಚಿ ಕಟ್ಟಿಕೊಂಡು ಹೋದೆ. ಹದಿನಾಲ್ಕು ಜನ ಹೆಂಗಸರು ಮಳೆಯಲ್ಲಿ ಬಗ್ಗಿ ಕೆಲಸ ಮಾಡಿ ಉಣ್ಣಲು ಕೂರುತ್ತಾರೆ. ಆ ಮನೆಯಲ್ಲಿ ಮಜ್ಜಿಗೆ ಇರುವುದಿಲ್ಲ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಅಕ್ಕಯ್ಯ ಬಾಗಿಲಲ್ಲಿ ಗಡಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. “ಬಾ” ಎಂದಳು. ಗಡಿಗೆಯನ್ನು ಒಳಗೆ ಒಯ್ದು ಊಟದ ಪಡಸಾಲೆಯ ಮೂಲೆಯಲ್ಲಿ ಇಟ್ಟಳು. ನನಗೆ ಎದೆ ಹಗುರವಾಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಪಕ್ಕದ ಸಾಲಿನಲ್ಲೇ ನೆಟ್ಟೆ. ಅವಳು ನನ್ನ ಸಾಲನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಊಟಕ್ಕೆ ಕೂತೆವು. ಕೆಂಪಕ್ಕಿ ಅನ್ನ, ಹುರುಳಿ ಸಾರು, ಕಳಲೆ ಪಲ್ಯ. ಎರಡನೆಯ ಸಲ ಅನ್ನ ಬಡಿಸಿ ಅಕ್ಕಯ್ಯ ಸಾಲಿನ ತುದಿಯಲ್ಲಿ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಮಜ್ಜಿಗೆ ಇಲ್ಲ ಈ ವರ್ಷ. ಯಾರೂ ತಪ್ಪು ತಿಳ್ಕಬ್ಯಾಡಿ. ಸಾರಲ್ಲೇ ಉಣ್ಣಿ.”

ಗಡಿಗೆ ಅವಳ ಹಿಂದೆ ಎರಡು ಮಾರು ದೂರದಲ್ಲಿತ್ತು. ಬಾಳೆ ಎಲೆಯ ಕೆಳಗಿನಿಂದ ಶುಂಠಿಯ ವಾಸನೆ ಪಡಸಾಲೆಗೆಲ್ಲ ಬರುತ್ತಿತ್ತು. ನನ್ನ ಎದುರಿಗೆ ಕೂತವಳು ಗಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿ ತನ್ನ ಎಲೆ ನೋಡಿಕೊಂಡಳು. “ಅಯ್ಯೋ, ಸಾರು ಇಷ್ಟು ಚಂದ ಆಗಿದೆ, ಮಜ್ಜಿಗೆ ಎಂಥಕ್ಕೆ ಬೇಕು” ಎಂದಳು ಮತ್ತೊಬ್ಬಳು. ಹದಿನಾಲ್ಕು ಜನವೂ ಸಾರಿನಲ್ಲೇ ಉಂಡರು. ನಾನೂ ಉಂಡೆ.

ಸಂಜೆ ಕೊನೆಯ ಸಾಲು ಮುಗಿದು ಕಾಲು ತೊಳೆಯುತ್ತಿದ್ದಾಗ ಅವಳು ಗಡಿಗೆಯನ್ನು ತಂದು ನನ್ನ ಕೈಗೆ ಕೊಟ್ಟಳು. ಕಟ್ಟಿದ ಬಾಳೆ ನಾರು ಹಾಗೇ ಇತ್ತು.

“ತಗಾ. ನಿನ್ನ ಮುಯ್ಯಿ ತೀರ್ತು ಕಣೇ. ಇನ್ನು ನೀನು ಬರೋದು ಬ್ಯಾಡ, ನಾನೂ ಬರಲ್ಲ.”

ಧ್ವನಿ ಗಟ್ಟಿಯಿರಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಅವಳು ಮತ್ತೆ ಹದಿನೇಳು ವರ್ಷ ಬದುಕಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ.

ತುಂಬಿದ ಗಡಿಗೆ ಹೊತ್ತು ಅಂಚಿನ ಮೇಲೆ ಮನೆಗೆ ಬಂದೆ. ಮಜ್ಜಿಗೆಯನ್ನು ಕಲಗಚ್ಚಿನ ಬಾನಿಗೆ ಸುರಿದೆ. ಆರೂವರೆಗೆ ನಮ್ಮ ದನ ಅದನ್ನು ಕುಡಿಯಿತು.